ನೋವು ನಿಂತ ಮೇಲೆ ಹಲ್ಲಿನೊಳಗೆ ನಡೆಯುವುದು

ಮೂರು ವಾರ ನಿದ್ದೆಗೆಡಿಸಿದ ದವಡೆ ಹಲ್ಲಿನ ನೋವು ಒಂದು ಬೆಳಿಗ್ಗೆ ತಾನಾಗಿ ನಿಂತುಬಿಡುತ್ತದೆ. ಬಿಸಿ ಗಂಜಿ ತಾಗಿದರೂ ಏನೂ ಆಗುವುದಿಲ್ಲ, ತಣ್ಣೀರು ಮುಕ್ಕಳಿಸಿದರೂ ಜುಮ್ಮೆನ್ನುವುದಿಲ್ಲ. ಮನೆಯವರಿಗೆಲ್ಲ ಸಮಾಧಾನ. ಈ ಸುದ್ದಿ ಕೇಳಿದ ದಂತವೈದ್ಯರಿಗೆ ಮಾತ್ರ ಆತಂಕ ಹೆಚ್ಚುತ್ತದೆ. ಹಲ್ಲಿನ ನಡುವಿನ ಜೀವಂತ ತಿರುಳು ಸತ್ತಾಗಲೂ ನೋವು ಹೀಗೆಯೇ ನಿಲ್ಲುತ್ತದೆ. ನೋಯುವುದಕ್ಕೆ ಅಲ್ಲಿ ನರವೇ ಉಳಿದಿರುವುದಿಲ್ಲ. ಉಳಿದಿರುವುದು ಸೋಂಕು. ಅದು ಬೇರಿನ ತುದಿಯ ಕಡೆಗೆ ಇಳಿಯುತ್ತಲೇ ಇರುತ್ತದೆ.

ಕೊಲ್ಲೂರಿನಂಥ ಊರಿನವರಿಗೆ ಈ ವಿಷಯ ಇನ್ನಷ್ಟು ಮುಖ್ಯ. ಕೊಡಚಾದ್ರಿಯ ಬುಡದಲ್ಲಿ, ಕಾಡಿನ ಮಧ್ಯೆ ಇರುವ ಊರು ಇದು. ಹಿಂದೆ ಕುಂದಾಪುರ ತಾಲ್ಲೂಕಿಗೆ ಸೇರಿತ್ತು, ಈಗ ಬೈಂದೂರು ತಾಲ್ಲೂಕಿನಲ್ಲಿದೆ. ಚಿತ್ತೂರು, ವಂಡ್ಸೆ, ಹೆಮ್ಮಾಡಿ ದಾಟಿ ಕುಂದಾಪುರ ಪೇಟೆ ಮುಟ್ಟಲು ಸುಮಾರು 40 ಕಿಲೋಮೀಟರ್. ಮಣಿಪಾಲದ ದಂತವೈದ್ಯಕೀಯ ಕಾಲೇಜಿಗೆ ಹೋಗುವುದಾದರೆ ಹೆಚ್ಚುಕಡಿಮೆ ಅದರ ಇಮ್ಮಡಿ. ರೂಟ್ ಕೆನಾಲ್ ಚಿಕಿತ್ಸೆ, ಜನ ‘ನರ ತೆಗೆಯುವುದು’ ಎಂದು ಹೇಳುವುದು, ಅನೇಕ ಸಲ ಎರಡು ಮೂರು ಸಿಟ್ಟಿಂಗ್ ಹಿಡಿಯುತ್ತದೆ. ಆಮೇಲೆ ಕ್ಯಾಪ್. ಹೆಚ್ಚಿನವರಿಗೆ ಮೊದಲ ಸಿಟ್ಟಿಂಗಿಗೇ ನೋವು ಇಳಿದುಹೋಗುತ್ತದೆ. ಮುಂದಿನ ವಾರ ನಟ್ಟಿ ಕೆಲಸವೋ, ಆಸಾಡಿಯ ಮಳೆಯೋ, ನವರಾತ್ರಿಗೆ ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಜನವೋ ಏನೋ ಒಂದು ಇದ್ದೇ ಇರುತ್ತದೆ. ನೋವಿಲ್ಲದ ಹಲ್ಲಿಗಾಗಿ ಒಂದು ದಿನದ ದುಡಿಮೆ ಬಿಟ್ಟು ಬಸ್ಸು ಹತ್ತುವವರು ಯಾರು? ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. ಈ ಅಧ್ಯಾಯದಲ್ಲಿ ನಾನು ಕುರ್ಚಿಯ ಮೇಲೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳಲು ಹೊರಟಿರುವುದು ಆ ಎರಡನೆಯ, ಮೂರನೆಯ ಭೇಟಿಗೆ ಕಾರಣ ತಿಳಿಯಲಿ ಎಂದು.

ಹಲ್ಲಿನ ಹೊರ ಕವಚವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಇಷ್ಟು ಗಟ್ಟಿಯಾದರೂ ಆಮ್ಲಕ್ಕೆ ಸೋಲುತ್ತದೆ. ಸಿಹಿ ತಿಂದ ನಂತರ ಹಲ್ಲಿಗಂಟಿದ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಅಲ್ಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಎಷ್ಟು ಸಿಹಿ ತಿಂದೆವು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದು ಇಲ್ಲಿ ಹೆಚ್ಚು ಮುಖ್ಯ. ಊಟದ ಜತೆ ಒಮ್ಮೆ ಪಾಯಸ ಉಂಡವರಿಗಿಂತ ಗಂಟೆಗೊಮ್ಮೆ ಸಕ್ಕರೆ ಚಾ ಕುಡಿಯುತ್ತ, ನಡುನಡುವೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವವರ ಹಲ್ಲು ಬೇಗ ಹುಳುಕಾಗುತ್ತದೆ.

ಎನಾಮೆಲ್‌ನ ಒಳಗೆ ಡೆಂಟಿನ್. ಇದು ಜೀವವಿರುವ ಪದರ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ನಲವತ್ತೈದು ಸಾವಿರಕ್ಕೂ ಹೆಚ್ಚು ಇರಬಹುದು. ಹುಳುಕು ಇಲ್ಲಿಗೆ ಮುಟ್ಟಿದಾಗ ತಣ್ಣೀರು, ಸಿಹಿ ತಾಗಿದರೆ ಚಳುಕು ಹೊಡೆಯುತ್ತದೆ, ಕ್ಷಣದಲ್ಲಿ ಹೋಗುತ್ತದೆ. ಈ ಹಂತದಲ್ಲಿ ಬಂದವರಿಗೆ ಹುಳುಕು ಕೆರೆದು ಸಿಮೆಂಟ್ ತುಂಬಿದರೆ ಸಾಕು. ಒಂದು ಭೇಟಿ, ಕಡಿಮೆ ಖರ್ಚು.

ಅದಕ್ಕೂ ಒಳಗಿರುವುದು ತಿರುಳು. ರಕ್ತನಾಳ, ನರ, ಜೀವಕೋಶಗಳ ಮೆತ್ತನೆಯ ಅಂಗಾಂಶ. ಬೇರಿನ ತುದಿಯಲ್ಲಿರುವ, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಕಡಿಮೆ ಅಗಲದ ರಂಧ್ರದ ಮೂಲಕವೇ ಅದಕ್ಕೆ ಹೆಚ್ಚುಕಡಿಮೆ ಎಲ್ಲ ರಕ್ತವೂ ಬರಬೇಕು, ಅಲ್ಲಿಂದಲೇ ಹೋಗಬೇಕು. ಕೈಬೆರಳಿಗೆ ಸೋಂಕು ತಗುಲಿದರೆ ಬೆರಳು ಊದಿಕೊಳ್ಳುತ್ತದೆ. ತಿರುಳಿಗೆ ಊದಿಕೊಳ್ಳಲು ಜಾಗವಿಲ್ಲ, ಸುತ್ತ ಗಟ್ಟಿ ಡೆಂಟಿನ್ ಗೋಡೆ. ಉರಿಯೂತದಿಂದ ಒತ್ತಡ ಏರುತ್ತದೆ, ನರಗಳು ಕೆರಳುತ್ತವೆ, ರಕ್ತಸಂಚಾರ ಕುಗ್ಗುತ್ತದೆ, ಒಂದೊಂದೇ ಭಾಗ ಸಾಯುತ್ತ ಹೋಗುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ಈ ನೋವು ರಾತ್ರಿ ಜೋರು. ಎರಡು ದಿಂಬು ಇಟ್ಟುಕೊಂಡು, ಗೋಡೆಗೆ ಒರಗಿ ರಾತ್ರಿ ಕಳೆಯುವವರು ತಮಗೆ ತಿಳಿಯದೆಯೇ ಈ ಒತ್ತಡವನ್ನು ಇಳಿಸುತ್ತಿರುತ್ತಾರೆ. ತಿರುಳಿನ ನರಗಳಿಗೆ ನೋವು ಗೊತ್ತು, ಜಾಗ ಗೊತ್ತಿಲ್ಲ. ಅದಕ್ಕೇ ಕೆಳಗಿನ ಹಲ್ಲು ಕೆಟ್ಟವರು ಮೇಲಿನ ಹಲ್ಲು ತೋರಿಸುತ್ತಾರೆ, ಕಿವಿ ನೋವೆಂದು ಹೇಳುತ್ತಾರೆ. ಮುಖದ ಆ ಬದಿಯ ಸಂವೇದನೆಯೆಲ್ಲ ಒಂದೇ ದೊಡ್ಡ ನರದ ಕವಲುಗಳಲ್ಲಿ ಸಾಗುತ್ತದೆ. ವೈದ್ಯರು ತಣ್ಣಗಿನ ಹತ್ತಿ ತಾಗಿಸಿ, ಹಲ್ಲನ್ನು ಮೆಲ್ಲಗೆ ತಟ್ಟಿ, ಎಕ್ಸ್‌ರೇ ತೆಗೆದು ಅಪರಾಧಿ ಹಲ್ಲನ್ನು ಹುಡುಕುವುದು ಇದೇ ಕಾರಣಕ್ಕೆ. ಆ ತಟ್ಟುವಿಕೆಗೆ ಸಿಡಿಮಿಡಿಗೊಳ್ಳಬೇಡಿ. ತಪ್ಪು ಹಲ್ಲು ತೆರೆಯದಂತೆ ಕಾಯುವುದು ಅದೇ.

ಕರಾವಳಿಯ ಮನೆಗಳಲ್ಲಿ ಹಲ್ಲುನೋವಿಗೆ ಮೊದಲ ಮದ್ದು ಲವಂಗ. ಅದರ ಎಣ್ಣೆಯ ಬಹುಭಾಗ ಯೂಜಿನಾಲ್. ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುವ ಗುಣ ಅದಕ್ಕೆ ನಿಜವಾಗಿಯೂ ಇದೆ. ದಂತವೈದ್ಯರೂ ಅದನ್ನೇ ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿ ತಾತ್ಕಾಲಿಕ ಸಿಮೆಂಟಾಗಿ ಬಳಸುತ್ತ ಬಂದಿದ್ದಾರೆ. ಹಲ್ಲಿನ ಆಸ್ಪತ್ರೆಯಲ್ಲಿ ಬರುವ ಲವಂಗದ ವಾಸನೆಯ ಮೂಲ ಅದು. ಒಂದು ಲವಂಗ ಕಚ್ಚಿಕೊಂಡು ರಾತ್ರಿ ಕಳೆಯುವುದರಲ್ಲಿ ತಪ್ಪಿಲ್ಲ. ಲವಂಗದ ಎಣ್ಣೆಯನ್ನೇ ಸುರಿದುಕೊಂಡರೆ, ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಟ್ಟರೆ, ಬೆಳ್ಳುಳ್ಳಿ ಜಜ್ಜಿ ಕಟ್ಟಿದರೆ ವಸಡು ಸುಟ್ಟು ಬಿಳುಚಿಕೊಳ್ಳುತ್ತದೆ. ಅಂಗಡಿಯಿಂದ ತಂದು ನುಂಗುವ ಆ್ಯಂಟಿಬಯೋಟಿಕ್ ಮಾತ್ರೆಯ ಮಾತು ಬೇರೆ. ಅದು ರಕ್ತದ ಮೂಲಕ ಹೋಗಿ ಕೆಲಸ ಮಾಡಬೇಕು. ಸತ್ತ ತಿರುಳಿಗೆ ರಕ್ತ ಹರಿಯುವುದೇ ಇಲ್ಲ. ಬೇರಿನ ಹೊರಗಿನ ಬಾವು ಸ್ವಲ್ಪ ತಗ್ಗಬಹುದು, ಒಳಗಿನ ಮೂಲ ಹಾಗೇ ಉಳಿಯುತ್ತದೆ.

ಈ ಎಲ್ಲದರ ಹಿಂದೆ ಬ್ಯಾಕ್ಟೀರಿಯಾಗಳೇ ಇವೆ ಎಂಬುದನ್ನು ಎದುರಿಲ್ಲದಂತೆ ತೋರಿಸಿದ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಅದನ್ನು ಪ್ರಕಟಿಸಿದ್ದು 1965ರಲ್ಲಿ. ಮಣಿಪಾಲದಲ್ಲಿ ದಂತವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ ವರ್ಷ. ಅವರು ಇಲಿಗಳ ಹಲ್ಲು ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಕೆಲವು ಸಾಧಾರಣ ಇಲಿಗಳು, ಇನ್ನು ಕೆಲವು ಹುಟ್ಟಿನಿಂದ ಒಂದೂ ಸೂಕ್ಷ್ಮಜೀವಿ ಸೋಕದಂತೆ ಬೆಳೆಸಿದವು. ಸಾಧಾರಣ ಇಲಿಗಳಲ್ಲಿ ತಿರುಳು ಕೊಳೆಯಿತು, ಬೇರಿನ ತುದಿಯಲ್ಲಿ ಬಾವು ಕಟ್ಟಿತು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳ ಹಲ್ಲಿನ ತೂತಿನಲ್ಲಿ ಅನ್ನದ ಚೂರು ತುಂಬಿದ್ದರೂ ತಿರುಳು ಬದುಕಿತು, ಗಾಯದ ಮೇಲೆ ಹೊಸ ಡೆಂಟಿನ್ ಸೇತುವೆ ಕಟ್ಟಿಕೊಂಡಿತು. ಇಂದಿನ ರೂಟ್ ಕೆನಾಲ್ ಚಿಕಿತ್ಸೆಯ ಪ್ರತಿ ಹೆಜ್ಜೆಯೂ ಈ ಒಂದು ಅರಿವಿನ ಮೇಲೆ ನಿಂತಿದೆ: ಒಳಗಿನ ಬ್ಯಾಕ್ಟೀರಿಯಾಗಳನ್ನು ತೆಗೆಯಬೇಕು, ಮತ್ತೆ ಒಳಬರದಂತೆ ಮುಚ್ಚಬೇಕು.

ಈಗ ಕುರ್ಚಿಗೆ ಬರೋಣ. ಊಟ ಮಾಡಿಕೊಂಡೇ ಹೋಗಿ, ಆಮೇಲೆ ಎರಡು ಮೂರು ಗಂಟೆ ತುಟಿ ಮರಗಟ್ಟಿರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಹಿಂದೆ ಯಾವುದಾದರೂ ಮದ್ದಿಗೆ ಆದ ಅಲರ್ಜಿ, ಇವನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಮಾತ್ರೆಯ ಚೀಟಿ ಜತೆಗಿರಲಿ.

ಮೊದಲು ಮರಗಟ್ಟಿಸುವ ಇಂಜೆಕ್ಷನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಡೊಕೇನ್ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಸೂಜಿ ಚುಚ್ಚಿದ್ದು, ಮದ್ದು ಇಳಿಯುವಾಗಿನ ಬಿಗಿತ ಗೊತ್ತಾಗುತ್ತದೆ. ಕೆಳದವಡೆಯಾದರೆ ಕೊನೆಯ ಹಲ್ಲಿನ ಹಿಂದೆ ಚುಚ್ಚಿ ಅರ್ಧ ದವಡೆಯನ್ನೇ ಮರಗಟ್ಟಿಸುತ್ತಾರೆ. ಆಮೇಲೆ ನೋವಾಗಬಾರದು. ಕೆಲವೊಮ್ಮೆ ಆಗುತ್ತದೆ, ಅದಕ್ಕೆ ಕಾರಣವೂ ಇದೆ: ಜೋರು ಉರಿಯೂತವಿರುವ ಅಂಗಾಂಶ ಆಮ್ಲೀಯವಾಗಿರುತ್ತದೆ, ಅಂಥಲ್ಲಿ ಮದ್ದು ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಆಗ ಎಡಗೈ ಎತ್ತಿ. ವೈದ್ಯರು ನಿಲ್ಲಿಸಿ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಕಡೆಯ ಹಿರಿಯರು, ಅದರಲ್ಲೂ ಹೆಂಗಸರು, ಹಲ್ಲುಕಚ್ಚಿ ಸಹಿಸುವುದನ್ನೇ ಮರ್ಯಾದೆ ಎಂದುಕೊಳ್ಳುತ್ತಾರೆ. ದಯವಿಟ್ಟು ಸಹಿಸಬೇಡಿ. ಅಲುಗಿದರೆ ವೈದ್ಯರ ಕೈಯ ಸೂಕ್ಷ್ಮ ಉಪಕರಣವೂ ಅಲುಗುತ್ತದೆ.

ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಬಿಗಿಯುತ್ತಾರೆ. ಉಸಿರು ಕಟ್ಟಿದಂತೆನಿಸಬಹುದು, ಮೂಗಿನಿಂದ ಉಸಿರಾಡಿದರೆ ಒಂದೆರಡು ನಿಮಿಷಕ್ಕೆ ಒಗ್ಗುತ್ತದೆ. 1864ರಲ್ಲಿ ಸ್ಯಾನ್‌ಫೋರ್ಡ್ ಬಾರ್ನಮ್ ಎಂಬ ಅಮೆರಿಕದ ದಂತವೈದ್ಯರು ಹುಡುಕಿದ ಉಪಾಯವಿದು. ಎಂಜಲಿನ ಬ್ಯಾಕ್ಟೀರಿಯಾ ಹಲ್ಲಿನೊಳಗೆ ಹೋಗುವುದಿಲ್ಲ, ಉಪಕರಣವಾಗಲಿ ತೊಳೆಯುವ ದ್ರವವಾಗಲಿ ಗಂಟಲಿಗೆ ಜಾರುವುದಿಲ್ಲ. ಆಮೇಲೆ ಡ್ರಿಲ್ ಸದ್ದು, ನೀರು. ಹಲ್ಲಿನ ನೆತ್ತಿಯಲ್ಲಿ ಸಣ್ಣ ಬಾಗಿಲು ತೆರೆಯುತ್ತದೆ. ಕೀವು ಕಟ್ಟಿದ ಹಲ್ಲಾದರೆ ಒತ್ತಡ ಇಳಿಯುವುದು ಈ ಕ್ಷಣದಲ್ಲಿ. ಮೊದಲ ದಿನವೇ ನೋವು ಹೋಗುವುದರ ಗುಟ್ಟು ಇಷ್ಟೇ. ಚಿಕಿತ್ಸೆ ಇನ್ನೂ ಆರಂಭವಾಗಿರುವುದಷ್ಟೇ.

ಇನ್ನು ಮುಂದಿನದು ತಾಳ್ಮೆಯ ಕೆಲಸ. ಎದುರು ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳ, ಕೆಳ ದವಡೆ ಹಲ್ಲಿಗೆ ಮೂರು ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಅಡಗಿಕೊಂಡ ನಾಲ್ಕನೆಯ ನಾಳವೊಂದು ಇರುತ್ತದೆ. ಅದು ಸಿಗದೆ ಹೋದರೆ ಚಿಕಿತ್ಸೆ ವಿಫಲವಾಗುವ ಸಾಧ್ಯತೆ ಹೆಚ್ಚು. ನಾಳವೆಂದರೆ ನೆಟ್ಟಗಿನ ಪೈಪ್ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಕೊಡಚಾದ್ರಿಯ ಇಳಿಜಾರಿನಲ್ಲಿ ಸೌಪರ್ಣಿಕಾ ನದಿಗೆ ಬಂದು ಸೇರುವ ತೊರೆಗಳ ಹಾಗೆ ಅದು ಬಾಗುತ್ತದೆ, ಕವಲೊಡೆಯುತ್ತದೆ, ಮತ್ತೆ ಕೂಡುತ್ತದೆ. ಈ ದಾರಿಯಲ್ಲಿ ಇಳಿಯುವುದು ತುದಿಯಲ್ಲಿ 0.10, 0.15 ಮಿಲಿಮೀಟರ್ ದಪ್ಪದ ಲೋಹದ ಫೈಲುಗಳು. 1838ರಲ್ಲಿ ಎಡ್ವಿನ್ ಮೇನಾರ್ಡ್ ಎಂಬವರು ಗಡಿಯಾರದ ಸ್ಪ್ರಿಂಗನ್ನು ತಿಕ್ಕಿ ಇಂಥ ಮೊದಲ ಉಪಕರಣ ಮಾಡಿಕೊಂಡಿದ್ದರು. ಉಕ್ಕು ಬಾಗಿದ ನಾಳದಲ್ಲಿ ನೆಟ್ಟಗಾಗಲು ನೋಡುತ್ತದೆ, ಗೋಡೆ ಕೊರೆಯುತ್ತದೆ. 1988ರಲ್ಲಿ ಹರ್ಮೀತ್ ವಾಲಿಯಾ ಮತ್ತು ಸಂಗಡಿಗರು ಹಲ್ಲು ಸಾಲುಗೂಡಿಸಲು ಬಳಸುವ ನಿಕೆಲ್-ಟೈಟಾನಿಯಂ ತಂತಿಯಿಂದ ಫೈಲ್ ಮಾಡಿ ಪರೀಕ್ಷಿಸಿದರು. ನಾಳದೊಂದಿಗೆ ತಾನೂ ಬಾಗುವ ಆ ಲೋಹ ಈ ಚಿಕಿತ್ಸೆಯನ್ನೇ ಬದಲಿಸಿತು. ಇಂದು ಸಣ್ಣ ಮೋಟಾರಿಗೆ ಸಿಕ್ಕಿಸಿ ತಿರುಗಿಸುವ ಫೈಲುಗಳು ಅದರ ಸಂತತಿ.

ಎಷ್ಟು ಆಳಕ್ಕೆ ಇಳಿಯಬೇಕು? ಬೇರಿನ ತುದಿಗಿಂತ ಹಿಂದೆಯೇ ನಿಂತರೆ ಸೋಂಕು ಉಳಿಯುತ್ತದೆ, ದಾಟಿದರೆ ಮೂಳೆಗೆ ಗಾಯ. ತುಟಿಗೊಂದು ಲೋಹದ ಕೊಕ್ಕೆ ಸಿಕ್ಕಿಸಿ, ಫೈಲಿಗೊಂದು ತಂತಿ ಜೋಡಿಸಿ, ಬೀಪ್ ಸದ್ದು ಮಾಡುವ ಪೆಟ್ಟಿಗೆಯನ್ನು ನೋಡಿ ಕೆಲವರು ಗಾಬರಿಯಾಗುತ್ತಾರೆ. ಅದು ತುದಿಯನ್ನು ಅಳೆಯುವ ಯಂತ್ರ. ಬೇರಿನ ತುದಿಯ ಅಂಗಾಂಶಕ್ಕೂ ಬಾಯಿಯ ಒಳಚರ್ಮಕ್ಕೂ ನಡುವೆ ವಿದ್ಯುತ್ತಿನ ತಡೆ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ಎಂದು 1942ರಲ್ಲಿ ಜಪಾನಿನ ಸುಜುಕಿ ನಾಯಿಗಳಲ್ಲಿ ಕಂಡುಕೊಂಡರು, 1962ರಲ್ಲಿ ಸುನಾಡ ಅದನ್ನು ಮನುಷ್ಯರ ಹಲ್ಲಿಗೆ ಅನ್ವಯಿಸಿದರು. ಹರಿಯುವ ವಿದ್ಯುತ್ತು ತೀರ ಅಲ್ಪ, ತಿಳಿಯುವುದೂ ಇಲ್ಲ.

ಫೈಲ್ ಎಷ್ಟೇ ಒಳ್ಳೆಯದಾದರೂ ನಾಳದ ಗೋಡೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗವನ್ನು ಅದು ಮುಟ್ಟುವುದೇ ಇಲ್ಲ ಎಂದು ಸೂಕ್ಷ್ಮ ಸ್ಕ್ಯಾನ್‌ಗಳು ತೋರಿಸಿವೆ. ಉಳಿದ ಮೂಲೆಗಳಿಗೆ ಹೋಗಬೇಕಾದದ್ದು ದ್ರವ. ಸೋಡಿಯಂ ಹೈಪೋಕ್ಲೋರೈಟ್ ಎಂಬ ಆ ದ್ರವದ ವಾಸನೆ ನಿಮಗೆ ಗೊತ್ತಿರುತ್ತದೆ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನದೂ ಅದೇ ವಾಸನೆ. ಮೊದಲ ಮಹಾಯುದ್ಧದಲ್ಲಿ ಹೆನ್ರಿ ಡೇಕಿನ್ ಸೈನಿಕರ ಗಾಯ ತೊಳೆಯಲು ಇದರ ತೆಳು ದ್ರಾವಣ ಬಳಸಿದ್ದರು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸತ್ತ ತಿರುಳನ್ನು ಕರಗಿಸುತ್ತದೆ. ವೈದ್ಯರು ಮತ್ತೆ ಮತ್ತೆ ಸಿರಿಂಜಿನಿಂದ ತೊಳೆಯುತ್ತ ಹೊತ್ತು ಕಳೆಯುತ್ತಿದ್ದಾರೆ ಎನಿಸಿದರೆ, ಚಿಕಿತ್ಸೆಯ ಅತ್ಯಂತ ಬೆಲೆಬಾಳುವ ನಿಮಿಷಗಳು ಅವೇ ಎಂದು ತಿಳಿಯಿರಿ.

ಕೀವಿದ್ದರೆ, ಒಳಗೆ ಒಸರುತ್ತಿದ್ದರೆ ಅದೇ ದಿನ ಮುಚ್ಚುವುದಿಲ್ಲ. ನಾಳದೊಳಗೆ ಬಿಳಿ ಮದ್ದು ತುಂಬಿ ಕಳಿಸುತ್ತಾರೆ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಸುಣ್ಣವೇ. ನದಿಬಾಯಿಯ ಚಿಪ್ಪು ಸುಟ್ಟು ಮಾಡಿ ವೀಳ್ಯದೆಲೆಗೆ ಸವರುವ ಸುಣ್ಣಕ್ಕೂ ಇದಕ್ಕೂ ರಾಸಾಯನಿಕವಾಗಿ ಭೇದವಿಲ್ಲ, ಶುದ್ಧತೆಯಲ್ಲಿ ಇದೆ. ಜರ್ಮನಿಯ ಹೆರ್ಮಾನ್ 1920ರಲ್ಲಿ ಇದನ್ನು ದಂತಚಿಕಿತ್ಸೆಗೆ ತಂದರು. ಇದರ ಪಿಎಚ್ ಸುಮಾರು 12.5, ಬಹುಪಾಲು ಬ್ಯಾಕ್ಟೀರಿಯಾ ಅದರಲ್ಲಿ ಬದುಕಲಾರವು. ಹಾಗೆಂದು ಮನೆಯಲ್ಲಿ ಹುಳುಕಿಗೆ ಸುಣ್ಣ ಮೆತ್ತಬಾರದು, ವಸಡು ಕೆನ್ನೆ ಸುಡುತ್ತದೆ, ನಾಳದೊಳಕ್ಕೆ ಹೋಗುವುದೂ ಇಲ್ಲ. ಮೇಲೆ ಹಾಕಿದ ತಾತ್ಕಾಲಿಕ ಸಿಮೆಂಟು ಕೆಲವು ವಾರಗಳಿಗಷ್ಟೇ. ತಿಂಗಳುಗಟ್ಟಲೆ ಬಿಟ್ಟರೆ ಅದು ಸವೆಯುತ್ತದೆ, ಎಂಜಲು ಜಿನುಗುತ್ತದೆ, ತೊಳೆದ ನಾಳಗಳಲ್ಲಿ ಬ್ಯಾಕ್ಟೀರಿಯಾ ಮತ್ತೆ ನೆಲೆಸುತ್ತದೆ. ನೋವು ಕೊಡಲು ನರವಿಲ್ಲ, ಆದ್ದರಿಂದ ಇದು ನಡೆಯುತ್ತಿರುವುದೇ ತಿಳಿಯುವುದಿಲ್ಲ.

ತಿರುಳು ಇನ್ನೂ ಬದುಕಿರುವ, ಕೀವಿಲ್ಲದ ಹಲ್ಲನ್ನು ಒಂದೇ ಸಿಟ್ಟಿಂಗಿನಲ್ಲಿ ಮುಗಿಸಬಹುದು. ಒಂದೇ ಭೇಟಿಯಲ್ಲಿ ಮುಗಿಸಿದ್ದಕ್ಕೂ ಎರಡು ಮೂರರಲ್ಲಿ ಮುಗಿಸಿದ್ದಕ್ಕೂ ಫಲಿತಾಂಶದಲ್ಲಿ ದೊಡ್ಡ ಅಂತರವಿಲ್ಲ ಎಂದೇ ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ದೂರದವರು ಮೊದಲ ದಿನವೇ ಬಾಯಿಬಿಟ್ಟು ಕೇಳಬೇಕು: “ಡಾಕ್ಟ್ರೇ, ನಾವ್ ಕೊಲ್ಲೂರಿಂದ ಬಪ್ಪುದ್, ಒಂದೇ ಸಲಕ್ಕೆ ಮುಗ್ಸುಕೆ ಆತ್ತಾ?” ಆಗುವುದಿಲ್ಲ ಎಂದರೆ ಏಕೆ, ಒಟ್ಟು ಎಷ್ಟು ಸಲ, ಕ್ಯಾಪಿಗೆ ಸೇರಿ ಖರ್ಚೆಷ್ಟು ಎಂದೂ ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ.

ಒಣಗಿಸಿದ ನಾಳವನ್ನು ತುಂಬುವ ವಸ್ತು ಮರದ ಹಾಲು. ಮಲಯ ದ್ವೀಪಕಲ್ಪದ ಕಾಡಿನ ಪಲಾಕ್ವಿಯಮ್ ಜಾತಿಯ ಮರದಿಂದ ಬರುವ ಗಟ್ಟಾ ಪರ್ಚಾ. ಬಿಸಿಗೆ ಮೆತ್ತಗಾಗಿ, ತಣಿದಾಗ ಗಟ್ಟಿಯಾಗುವ ಈ ಅಂಟನ್ನು 1843ರ ಸುಮಾರಿಗೆ ವಿಲಿಯಂ ಮಾಂಟ್‌ಗೊಮರಿ ಯುರೋಪಿಗೆ ಪರಿಚಯಿಸಿದರು. ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ಹೊದಿಕೆಯಾಗಿದ್ದದ್ದು ಇದೇ. 1867ರಲ್ಲಿ ಬೌಮನ್ ಹಲ್ಲಿನ ನಾಳಕ್ಕೆ ತುಂಬಿದರು. ಇದರ ಬಂಧುಗಳು ನಮ್ಮ ಅಂಗಳದಲ್ಲೇ ಇವೆ. ಪಲಾಕ್ವಿಯಮ್ ಕುಲದ ಇನ್ನೊಂದು ಮರ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿದೆ. ಹಿತ್ತಲ ಚಿಕ್ಕು ಅದೇ ಕುಟುಂಬದ್ದು, ಅದರ ಎಳೆ ಕಾಯಿ ಮುರಿದಾಗ ಬೆರಳಿಗೆ ಹತ್ತುವ ಹಾಲನ್ನು ನೆನೆಯಿರಿ. ಆಯುರ್ವೇದ ವಸಡಿಗೂ ಅಲುಗುವ ಹಲ್ಲಿಗೂ ತೊಗಟೆ ಹೇಳಿದ ಬಕುಳವೂ, ನಾವು ಮಾಲೆ ಕಟ್ಟುವ ರೆಂಜೆ ಹೂವಿನ ಮರ, ಅದೇ ಕುಟುಂಬದ್ದು. ಇಂದಿನ ಗಟ್ಟಾ ಪರ್ಚಾ ಕಡ್ಡಿಯಲ್ಲಿ ಮರದ ಅಂಶ ಐದನೇ ಒಂದರಷ್ಟು, ಹೆಚ್ಚಿನದು ಸತುವಿನ ಆಕ್ಸೈಡ್. ಎಕ್ಸ್‌ರೇಯಲ್ಲಿ ಬಿಳಿ ಗೆರೆಗಳಾಗಿ ಅದು ಬೇರಿನ ತುದಿಯವರೆಗೂ ಕಾಣಬೇಕು. ಆ ಚಿತ್ರವನ್ನು ತೋರಿಸಿ ಎಂದು ಕೇಳಿ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ ಎರಡು ಮೂರು ದಿನ ಕಚ್ಚಿದರೆ ನೋಯುವುದು ಸಹಜ. ಬೇರಿನ ಸುತ್ತಲಿನ ನಾರುಗಳಿಗೆ ನರವಿದೆ, ಅವು ಕೆರಳಿರುತ್ತವೆ. ವೈದ್ಯರು ಬರೆದ ನೋವಿನ ಮಾತ್ರೆ ಸಾಕಾಗುತ್ತದೆ. ಬಾವು ಹೆಚ್ಚುತ್ತ ಹೋದರೆ ಮರಳಿ ಹೋಗಬೇಕು. ಗಲ್ಲದ ಕೆಳಗೆ, ಕುತ್ತಿಗೆಗೆ ಬಾವು ಇಳಿದು, ಜ್ವರ ಬಂದು, ನುಂಗಲು, ಉಸಿರಾಡಲು, ಬಾಯಿ ತೆರೆಯಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬಾರದು. 1836ರಲ್ಲಿ ಜರ್ಮನಿಯ ಲುಡ್ವಿಗ್ ವಿವರಿಸಿದ ಈ ಸೋಂಕು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. 108ಕ್ಕೆ ಕರೆ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಘಟ್ಟದ ಬುಡದ ಊರುಗಳಲ್ಲಿ ದಾರಿಗೇ ಒಂದು ಗಂಟೆ ಹಿಡಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಕ್ಯಾಪಿನ ಬಗ್ಗೆ ಜನ ಹೆಚ್ಚು ಅನುಮಾನಿಸುತ್ತಾರೆ, ದುಡ್ಡಿಗಾಗಿ ಹೇಳುತ್ತಾರೆ ಎಂದು. ಹುಳುಕು ತಿಂದು, ಬಾಗಿಲು ಕೊರೆದು ಉಳಿದ ದವಡೆ ಹಲ್ಲಿನ ಗೋಡೆಗಳು ತೆಳ್ಳಗಾಗಿರುತ್ತವೆ. ಅಡಿಕೆ, ಚಕ್ಕುಲಿ, ಹಲಸಿನ ಹಪ್ಪಳ ಕಚ್ಚುವಾಗ ಅವು ಉದ್ದಕ್ಕೆ ಸೀಳುತ್ತವೆ. ಬೇರಿನವರೆಗೆ ಸೀಳಿದ ಹಲ್ಲನ್ನು ಕೀಳದೆ ಬೇರೆ ದಾರಿಯಿಲ್ಲ. ಕ್ಯಾಪ್ ಹಾಕದ ಹಲ್ಲುಗಳು ಹಾಕಿದವುಗಳಿಗಿಂತ ಸುಮಾರು ಆರು ಪಟ್ಟು ವೇಗದಲ್ಲಿ ಕಳೆದುಹೋದವು ಎಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎದುರು ಹಲ್ಲಿಗೆ ಎಲ್ಲ ಸಲವೂ ಕ್ಯಾಪ್ ಬೇಕಿಲ್ಲ. ದವಡೆ ಹಲ್ಲಿಗೆ ಹೆಚ್ಚಾಗಿ ಬೇಕು.

“ಇಷ್ಟೆಲ್ಲ ಎಂತಕೆ, ಕೀಳ್ಸಿ ಬಿಡುದೇ ಒಳ್ಳೆದಲ್ದಾ?” ಎಂಬ ಪ್ರಶ್ನೆಗೆ ನಾನು ಬೇಡವೆಂದೇ ಹೇಳುವವನಲ್ಲ. ಬುಡದವರೆಗೆ ಮುರಿದ ಹಲ್ಲು, ಅಲುಗಾಡುವ ಹಲ್ಲು, ಎಷ್ಟೇ ಮಾಡಿದರೂ ಮತ್ತೆ ಬರಲಾಗದ ಪರಿಸ್ಥಿತಿ ಇದ್ದರೆ ಕೀಳಿಸುವುದು ಸರಿಯಾದ ನಿರ್ಧಾರವೇ. ಅರ್ಧಕ್ಕೆ ಬಿಟ್ಟ ರೂಟ್ ಕೆನಾಲಿಗಿಂತ ಅದು ಖಂಡಿತ ಮೇಲು. ಆದರೆ ಉಳಿಸಬಹುದಾದ ಹಲ್ಲನ್ನು ಕಿತ್ತಮೇಲೆ ಪಕ್ಕದವು ವಾಲುತ್ತವೆ, ಎದುರಿನದು ಇಳಿಯುತ್ತದೆ, ಅಗಿಯುವ ಬದಿ ಬದಲಾಗುತ್ತದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಸರಕಾರದ ದಂತಭಾಗ್ಯ ಯೋಜನೆ ದಂತಪಂಕ್ತಿ ಕೊಡುತ್ತ ಬಂದಿದೆ, ಅದು ಹಲ್ಲೆಲ್ಲ ಹೋದ ಮೇಲಿನ ಮಾತು. ಖರ್ಚಿನ ಚಿಂತೆಯಿದ್ದವರು ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಲ್ಲೇ ಮಾಡುತ್ತಾರೆ, ದರ ಸಾಮಾನ್ಯವಾಗಿ ಕಡಿಮೆ, ಹೊತ್ತು ಹೆಚ್ಚು.

ಎಲ್ಲ ಮುಗಿದು ಆರು ತಿಂಗಳು, ಒಂದು ವರ್ಷ ಕಳೆದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಬೇಕು. ಚಿಕಿತ್ಸೆಗೆ ಮುಂಚೆ ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ ಕಾಣುತ್ತಿದ್ದರೆ ಅಲ್ಲಿ ಮೂಳೆ ಕರಗಿತ್ತು ಎಂದರ್ಥ. ಸೋಂಕು ತೊಲಗಿದ್ದರೆ ಅಲ್ಲಿ ಹೊಸ ಮೂಳೆ ತುಂಬಿ ಮಚ್ಚೆ ಕಿರಿದಾಗುತ್ತ ಬರುತ್ತದೆ. ದೊಡ್ಡ ಮಚ್ಚೆಗಳು ಪೂರ್ತಿ ಮಾಯಲು ಎರಡು ಮೂರು ವರ್ಷವೂ ಹಿಡಿಯಬಹುದು, ಕೆಲವೊಮ್ಮೆ ನಾಲ್ಕು. ಕಿರಿದಾಗದೆ ಹಾಗೇ ಇದ್ದರೆ ನಾಳಗಳನ್ನು ಮತ್ತೆ ತೆರೆದು ಶುಚಿಮಾಡುವ, ಇಲ್ಲವೇ ಬೇರಿನ ತುದಿಯನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿ ಮುಚ್ಚುವ ದಾರಿ ಇನ್ನೂ ಇದೆ. ಮೊದಲಿನ ಎಕ್ಸ್‌ರೇಗಳನ್ನು ಎಸೆಯದೆ ಎತ್ತಿಟ್ಟುಕೊಂಡಿದ್ದರೆ, ಪಕ್ಕಪಕ್ಕ ಇಟ್ಟು ಹೋಲಿಸಲು ವೈದ್ಯರಿಗೆ ಅನುಕೂಲ.